ನಿದ್ದೆಗೆ ಕಾವಲು ಕೂತ ದಿನ

ದಾವಣಗೆರೆಯಲ್ಲಿ ಮೂರು ವರ್ಷ ನರ್ಸಿಂಗ್ ಓದಿ ಊರಿಗೆ ಮರಳಿದ ಮೇಲೆ ಸುಂಕಮ್ಮ ಒಂದೂವರೆ ತಿಂಗಳನ್ನು ಬಸ್ಸಿನ ಕಿಟಕಿಯ ಪಕ್ಕದಲ್ಲೇ ಕಳೆದಳು. ಬೆಳಿಗ್ಗೆ ನೀಲಗುಂದದಲ್ಲಿ ಹತ್ತುವುದು, ಹರಪನಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯುವುದು, ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗೆ ಕಾಯುವುದು, ಸಂಜೆಗೆ ಮತ್ತೆ ಬಸ್ಸು. ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು. ಅದರೊಳಗೆ ಅಂಕಪಟ್ಟಿ, ನರ್ಸಿಂಗ್ ಕೌನ್ಸಿಲ್ಲಿನ ನೋಂದಣಿ ಪತ್ರ, ನಾಲ್ಕು ಫೋಟೊ.

ಬಸ್ಸು ಊರು ದಾಟಿ ವೇಗ ಹಿಡಿದ ಕೂಡಲೇ ಅವಳಿಗೆ ಜೊಂಪು ಹತ್ತುತ್ತಿತ್ತು. ಪೂರ್ತಿ ನಿದ್ದೆಯಲ್ಲ, ಕಣ್ಣು ಅರ್ಧ ತೆರೆದೇ ಇರುತ್ತಿತ್ತು. ಹೊರಗೆ ಓಡುವ ಬೋಳು ಹೊಲಗಳ ನಡುವೆ ಬಿಳಿ ಹಾಸಿಗೆಯ ಮಂಚಗಳು ಸಾಲಾಗಿ ನಿಂತಿರುವಂತೆ, ಅವುಗಳ ಮೇಲೆ ಯಾರ್ಯಾರೋ ಮಲಗಿ ಅವಳ ಹೆಸರು ಹಿಡಿದು ಕರೆಯುತ್ತಿರುವಂತೆ ಕಾಣುತ್ತಿತ್ತು. ಕಂಡಕ್ಟರು ಸೀಟಿ ಊದಿದರೆ ಮಂಚಗಳು ಮಾಯವಾಗಿ ಮತ್ತೆ ಬರೀ ಹೊಲ.

ಹರಪನಹಳ್ಳಿಯಲ್ಲಿ ಎರಡು ವರ್ಷ ಅನುಭವ ಇದ್ದವರೇ ಬೇಕೆಂದರು. ಕೊಟ್ಟೂರಿನಲ್ಲಿ ಫೈಲು ತೆರೆಯುವ ಮೊದಲೇ ಬೇಡ ಎಂದರು. ಕೂಡ್ಲಿಗಿಯಲ್ಲಿ ಆಸ್ಪತ್ರೆ ನಡೆಸುವ ಒಬ್ಬ ಗೃಹಸ್ಥರು ಅವಳ ಅಂಕಪಟ್ಟಿಯನ್ನೆಲ್ಲ ಮೆಚ್ಚಿಕೊಂಡು ಓದಿ, "ಚಲೋ ಓದೀಯವ್ವ. ಕೌಂಟರಿನ್ಯಾಗ ಕುಂತು ಚೀಟಿ ಬರೀತೀಯೇನು?" ಎಂದು ಕೇಳಿದರು.

"ನಾನು ನರ್ಸ್ ಕೆಲಸಕ್ಕ ಬಂದೀನ್ರಿ."

"ಅದಕ್ಕ ಆಗ್ಲೇ ಮಂದಿ ಅದಾರವ್ವ."

ಅವಳ ಅಪ್ಪ ಉಚ್ಚಂಗೆಪ್ಪ ಪಂಚಾಯಿತಿಯ ನೀರಗಂಟಿ. ಇಪ್ಪತ್ತೆರಡು ವರ್ಷದಿಂದ ಓಣಿ ಓಣಿಗೆ ನೀರು ಬಿಡುವುದೇ ಅವನ ಕೆಲಸ. ಮಗಳು ಬರಿಗೈಯಲ್ಲಿ ಮರಳಿದ ದಿನ ಅವನು ಸಮಾಧಾನ ಹೇಳುವ ರೀತಿಯೂ ಅವನ ಕೆಲಸದ್ದೇ ಆಗಿತ್ತು. "ವಾಲ್ ತಿರುವಿದ ಕೂಡ್ಲೇ ಕೊನೀ ಮನಿ ನಳಕ್ಕ ನೀರು ಬರ್ತತೇನು? ಮೊದ್ಲು ಪೈಪು ತುಂಬಬೇಕು. ಈಗ ನಿಂದು ಪೈಪು ತುಂಬಾಕ ಹತ್ತೈತಿ ಅನ್ಕ." ಸುಂಕಮ್ಮ ನಗುತ್ತಿದ್ದಳು. ಆದರೆ ಹಾಸಿಗೆಗೆ ಹೋದ ಮೇಲೆ, ಮೂರು ವರ್ಷ ಕಲಿತ ಕೈ ಕೆಲಸವಿಲ್ಲದೆ ಮರೆತುಬಿಟ್ಟೀತೆಂಬ ಭಯವಾಗಿ ತನ್ನದೇ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಿದ್ದಳು.

ಮಾರ್ಚ್ ತಿಂಗಳ ಕೊನೆಯ ಗುರುವಾರ ಅವಳು ಹಗರಿಬೊಮ್ಮನಹಳ್ಳಿಗೆ ಹೋದಳು. ಅಲ್ಲಿಯ ಆಸ್ಪತ್ರೆಯಲ್ಲಿ ಅರ್ಜಿ ಇಟ್ಟು ಹೋಗು, ಬೇಕಾದರೆ ಫೋನು ಮಾಡುತ್ತೇವೆ ಎಂದರು. ಬಸ್‌ಸ್ಟ್ಯಾಂಡಿಗೆ ಬಂದರೆ ಹರಪನಹಳ್ಳಿಯ ನೇರ ಬಸ್ಸು ಆಗಲೇ ಹೊರಟುಹೋಗಿತ್ತು. ಹಡಗಲಿಗೆ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿದರೆ ಬೇಗ ಮುಟ್ಟುತ್ತಿ ಎಂದು ಪಕ್ಕದಲ್ಲಿದ್ದ ಹೆಂಗಸು ಹೇಳಿದಳು. ಸುಂಕಮ್ಮ ಹಡಗಲಿ ಬಸ್ಸು ಹತ್ತಿದಳು, ಹತ್ತಿದವಳೇ ಜೊಂಪಿಗೆ ಜಾರಿದಳು.

ಎಚ್ಚರವಾಗಿದ್ದು ವಾಸನೆಗೆ. ಯಾವುದೋ ಹಳ್ಳಿಯಲ್ಲಿ ಇಬ್ಬರು ಹೆಂಗಸರು ಒದ್ದೆ ಬಟ್ಟೆ ಸುತ್ತಿದ್ದ ಮಲ್ಲಿಗೆಯ ಬುಟ್ಟಿಗಳನ್ನು ಹತ್ತಿಸಿ ಅವಳ ಕಾಲಬಳಿಯೇ ಇಟ್ಟಿದ್ದರು. ಬಿಸಿಲು, ಧೂಳು, ಡೀಸೆಲ್ಲು ಎಲ್ಲದರ ಮೇಲೆ ಆ ತಣ್ಣನೆಯ ಪರಿಮಳ ಕೂತಿತ್ತು. ಹಡಗಲಿಯಲ್ಲಿ ಇಳಿದಾಗ ಅವಳಿಗೆ ತಾನಿನ್ನೂ ಪೂರ್ತಿ ಎದ್ದಿಲ್ಲ ಅನ್ನಿಸಿತು.

ಮುಂದಿನ ಬಸ್ಸಿಗೆ ಒಂದೂವರೆ ತಾಸು ಇತ್ತು. ನೆರಳು ಹುಡುಕಿಕೊಂಡು ರಸ್ತೆಯ ಗುಂಟ ನಡೆದಾಗ, ಬೇವಿನ ಮರದ ಹಿಂದೆ ಹಳೆಯ ಹೆಂಚಿನ ಮನೆಗೆ ಹೊಸ ಕೋಣೆಗಳನ್ನು ಜೋಡಿಸಿ ಕಟ್ಟಿದ ಒಂದು ಸಣ್ಣ ಆಸ್ಪತ್ರೆ ಕಂಡಿತು. ಗೇಟಿನ ಮೇಲೆ ಕೈಬರಹದ ಹಾಳೆ ಅಂಟಿಸಿತ್ತು: ನರ್ಸ್ ಬೇಕಾಗಿದ್ದಾರೆ. ಒಳಗೆ ಬಂದು ಕೇಳಿ.

ಒಳಗೆ ಮೇಜಿನ ಹಿಂದೆ ಕೂತಿದ್ದ ಡಾಕ್ಟರ ಹೆಸರು ಶಾಂಭವಿ. ಐವತ್ತು ದಾಟಿದ ಹೆಂಗಸು, ದಪ್ಪ ಕನ್ನಡಕ, ಮೆತ್ತನೆಯ ದನಿ. ತನ್ನಲ್ಲಿ ಆರು ವರ್ಷ ಇದ್ದ ಅರ್ಚನಾ ಎಂಬ ನರ್ಸಿಗೆ ಕೂಡ್ಲಿಗಿಯ ಸರ್ಕಾರಿ ಆಸ್ಪತ್ರೆಯಲ್ಲಿ ನೌಕರಿ ಆಗಿದೆ, ಭಾನುವಾರ ಹೊರಡುತ್ತಾಳೆ, ಅದಕ್ಕೇ ಆ ಹಾಳೆ ಎಂದು ಅವರು ಹೇಳಿದರು. ಸುಂಕಮ್ಮ ಫೈಲು ಮುಂದಿಟ್ಟು, ಕೇಳುವ ಮೊದಲೇ ತಾನೇ ಹೇಳಿಬಿಟ್ಟಳು. "ಅನುಭವ ಇಲ್ರಿ ಮೇಡಂ. ಟ್ರೈನಿಂಗ್ ಮಾಡಿದ್ದಷ್ಟ."

"ಅದನ್ನ ನಾನು ಕೇಳಲಿಲ್ಲಲ್ಲ," ಎಂದರು ಡಾಕ್ಟರು. ಫೈಲನ್ನು ಒಂದು ಬದಿಗೆ ಸರಿಸಿ, ಎದ್ದು ವಾರ್ಡಿನ ಬಾಗಿಲ ತನಕ ಬಂದರು. ಹತ್ತು ಮಂಚದ ವಾರ್ಡು. "ಆ ಕಿಟಕಿ ಪಕ್ಕದ ಮಂಚದಾಗ ಒಬ್ಬ ಅಜ್ಜಿ ಮಲಗ್ಯಾಳ ನೋಡು. ಕೊಟ್ರಬಸಮ್ಮ ಅಂತ. ಸಂಜಿತನಕ ಆಕಿ ಹತ್ರ ಕುಂದ್ರು. ಏನು ಕಂಡಿ ಅನ್ನೋದನ್ನ ನನಗ ಬಂದು ಹೇಳು."

"ಅವರಿಗೇನಾಗೈತ್ರಿ?"

"ಅದನ್ನ ಹೇಳಿಬಿಟ್ರ ನೀನು ಅದನ್ನಷ್ಟ ನೋಡ್ತಿ."

ಬಸ್ಸು ತಪ್ಪುತ್ತದೆ ಎಂಬುದು ಸುಂಕಮ್ಮನಿಗೆ ಆ ಕ್ಷಣ ನೆನಪಾಗಲಿಲ್ಲ. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತಳು.

ಅಜ್ಜಿಗೆ ಅರವತ್ತೈದು ಇರಬಹುದು. ಮೇಲೆ ಫ್ಯಾನು ತಿರುಗುತ್ತಿದ್ದರೂ ಉಳಿದ ರೋಗಿಗಳೆಲ್ಲ ಬೆವರುತ್ತಿದ್ದರು. ಈಕೆ ಮಾತ್ರ ಕೌದಿಯನ್ನು ಕತ್ತಿನವರೆಗೆ ಎಳೆದುಕೊಂಡು ಮಲಗಿದ್ದಳು. ಮುಖ ಊದಿಕೊಂಡಂತೆ ತುಂಬಿತ್ತು, ಹುಬ್ಬಿನ ತುದಿಯ ಕೂದಲು ಉದುರಿಹೋಗಿತ್ತು. ಸುಂಕಮ್ಮ ಮೆಲ್ಲಗೆ ಕೈ ಹಿಡಿದಳು. ಅಂಗೈ ತಣ್ಣಗೆ, ಚರ್ಮ ಒರಟು. ಗೋಡೆಯ ಗಡಿಯಾರ ನೋಡುತ್ತ ನಾಡಿ ಎಣಿಸಿದಳು. ಒಂದು ನಿಮಿಷಕ್ಕೆ ಐವತ್ತು. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದಳು. ಆಗಲೂ ಐವತ್ತೇ. ಬಾವಿಯ ತಳದಿಂದ ಯಾರೋ ಅವಸರವಿಲ್ಲದೆ ಹಗ್ಗ ಜಗ್ಗುತ್ತಿರುವಂತೆ ಆ ಬಡಿತ ಒಂದೊಂದಾಗಿ ಮೇಲೆ ಬರುತ್ತಿತ್ತು.

ಥೈರಾಯ್ಡು, ಎಂದುಕೊಂಡಳು ಸುಂಕಮ್ಮ. ಪುಸ್ತಕದ ಆ ಪುಟ, ಪುಟದ ಮೂಲೆಯಲ್ಲಿದ್ದ ಹೆಂಗಸಿನ ಚಿತ್ರ ಕೂಡ ಕಣ್ಣ ಮುಂದೆ ಬಂತು. ಒಳಗೊಳಗೇ ಹಿಗ್ಗಾಯಿತು. ಈಗಲೇ ಎದ್ದು ಹೋಗಿ ಹೇಳಿಬಿಡಲೇ ಎಂದೂ ಅನ್ನಿಸಿತು. ಆದರೆ ಡಾಕ್ಟರು ಸಂಜೆಯ ತನಕ ಎಂದಿದ್ದರು.

ಹೊತ್ತು ನೆತ್ತಿಗೇರಿತು. ಬೇವಿನ ಹೂವು ಕಿಟಕಿಯ ಸರಳುಗಳ ನಡುವಿನಿಂದ ಒಂದೊಂದೇ ಒಳಗೆ ಬೀಳುತ್ತಿತ್ತು. ವಾರ್ಡಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಅಜ್ಜಿಯ ಉಸಿರು ಏರಿ ಇಳಿಯುವುದನ್ನು ನೋಡುತ್ತ ನೋಡುತ್ತ ಸುಂಕಮ್ಮನ ಉಸಿರೂ ಅದೇ ಲಯಕ್ಕೆ ಬಿತ್ತು. ಮಂಚಗಳ ಕಾಲಿಗೆ ಬಳ್ಳಿ ಹಬ್ಬಿದಂತೆ, ಬಿಳಿ ಚಾದರದ ಮೇಲೆ ಮೊಗ್ಗು ಕಟ್ಟಿದಂತೆ, ಯಾರೋ ಆ ಸಾಲುಗಳ ನಡುವೆ ಬಾಗಿ ನಡೆದಂತೆ ಕಂಡಿತು. ತಲೆ ವಾಲಿ ತಟ್ಟನೆ ಎಚ್ಚೆತ್ತಾಗ ಅಜ್ಜಿ ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿದ್ದಳು.

"ಮಲಗವ್ವ. ನಿದ್ದಿ ಬಂದ್ರ ತಡೀಬಾರ್ದು," ಎಂದಳು. ದನಿ ಗೊಗ್ಗರಾಗಿತ್ತು, ಮಾತು ನಿಧಾನ. "ಯಾರು ನೀನು? ಹೊಸಾ ನರ್ಸಮ್ಮನಾ?"

"ಇನ್ನಾ ಅಲ್ಲಜ್ಜಿ. ಕೆಲಸ ಕೇಳಾಕ ಬಂದೀನಿ. ಸಂಜಿತನಕ ನಿಮ್ಮ ಹತ್ರ ಕುಂದ್ರು ಅಂದಾರ."

"ಮಲಗಿದೋರ ಹತ್ರ ಕುಂದ್ರೋದೂ ಒಂದು ಕೆಲಸಾನಾ?" ಅಜ್ಜಿಯ ತುಟಿ ತುಸು ಅರಳಿತು. "ಹಂಗಂದ್ರ ನನ್ನ ಸಂಚಿ ಕೊಡು. ಕಾಲ ಹತ್ರ ಐತಿ ನೋಡು. ಒಂದು ಅಡಿಕಿ ಚೂರು ತಗದು ಕೊಡವ್ವ."

ಸುಂಕಮ್ಮ ಎಲೆ ಅಡಿಕೆಯ ಬಟ್ಟೆ ಸಂಚಿ ಬಿಚ್ಚಿದಳು. ಒಂದು ಮಗ್ಗುಲಲ್ಲಿ ಬಾಡಿದ ಎಲೆ, ಸುಣ್ಣದ ಡಬ್ಬಿ. ಇನ್ನೊಂದರಲ್ಲಿ ಅಡಿಕೆಯ ಚೂರುಗಳು. ಅವುಗಳ ನಡುವೆ ಸಣ್ಣ ಸಣ್ಣ ಬಿಳಿ ಗುಳಿಗೆ, ಹತ್ತೋ ಹನ್ನೆರಡೋ. ಅವಳು ಒಂದನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ಥೈರಾಯ್ಡಿನ ಗುಳಿಗೆಯೆಂದು ಗೊತ್ತಾಯಿತು.

"ಇವು ನೀವು ನುಂಗಬೇಕಾದ ಗುಳಿಗಿ ಅಲ್ಲೇನಜ್ಜಿ?"

ಕೊಟ್ರಬಸಮ್ಮ ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಎಂದು ಸುಂಕಮ್ಮ ಬಾಗಿ ನೋಡಿದಾಗ ಮಾತು ಬಂತು. "ಮನ್ಯಾಗ ಮಗ ಭರತ್ ದಿನಾ ಮುಂಜಾನೆ ಕೈಯಾಗ ಕೊಡ್ತಾನ. ನಾಲಿಗಿ ಕೆಳಗ ಇಟ್ಕೊಂತೀನಿ. ಅವ ಹೂವು ತಗೊಂಡು ಹೋದ ಮ್ಯಾಲೆ ತಗದು ಇದರಾಗ ಹಾಕ್ತೀನಿ. ಸಂಚಿ ತುಂಬಿದ್ರ ಗಿಡದ ಬುಡಕ್ಕ ಚೆಲ್ತೀನಿ."

"ಯಾಕಜ್ಜಿ?"

"ನೀನು ಇಲ್ಲಿ ನರ್ಸಮ್ಮ ಅಲ್ಲಲ್ಲ, ಅದಕ್ಕ ಹೇಳ್ತೀನಿ ಕೇಳು." ಅಜ್ಜಿ ಕೌದಿಯೊಳಗಿಂದ ಕೈ ತೆಗೆದು ಸುಂಕಮ್ಮನ ಮೊಣಕಾಲ ಮೇಲಿಟ್ಟಳು. "ನನಗೊಬ್ಬಾಕಿ ಅಕ್ಕ ಇದ್ಲು. ಅನ್ನದಾನಮ್ಮ. ಒಂದ ಮನಿಗೆ ಇಬ್ರೂ ಸೊಸಿಯಾಗಿ ಬಂದ್ವಿ. ನಲವತ್ತೈದು ವರ್ಷ ಒಂದ ಹೊಲದಾಗ ಮಲ್ಲಿಗಿ ಬಿಡಿಸೀವಿ. ಆಕಿ ಮುಂದಿನ ಸಾಲು, ನಾನು ಹಿಂದಿನ ಸಾಲು. ಹ್ವಾದ ವರ್ಷದ ಹಿಂದಿನ ವರ್ಷ ಆಕಿ ತೀರಿಹ್ವಾದ್ಲು. ಆಮ್ಯಾಲೆ ನನಗೀ ನಿದ್ದಿ ಸುರುವಾತು. ಕಣ್ಣು ಮುಚ್ಚಿದ್ರ ಸಾಕು, ಹೊಲ ಕಾಣ್ತತಿ. ಇನ್ನಾ ಬೆಳಕು ಹರದಿರಂಗಿಲ್ಲ. ಮುಂದಿನ ಸಾಲಿನ್ಯಾಗ ಅಕ್ಕ ಮೊಗ್ಗು ಬಿಡಿಸ್ಕೊಂತ ಹೋಗ್ತಿರ್ತಾಳ. ಮಾತಾಡಂಗಿಲ್ಲ. ಆಕಿ ಬೆನ್ನು ನೋಡ್ಕೊಂತ ನಾನು ಹಿಂದ ಹೋಗ್ತೀನಿ. ಅಷ್ಟ. ಮತ್ತೇನೂ ಇಲ್ಲ ಅದರಾಗ. ಆದ್ರ ಭಾಳ ಚಲೋ ಇರ್ತತವ್ವ."

ಸುಂಕಮ್ಮ ಜಾರಿದ ಕೌದಿಯನ್ನು ಅವಳ ಭುಜದ ಮೇಲೆ ಎಳೆದಳು.

"ಈ ಗುಳಿಗಿ ನುಂಗಿದ ತಿಂಗಳದಾಗ ಎಚ್ಚರ ಹೆಚ್ಚಾತು. ಮೈ ಹಗುರಾತು, ಖರೇ. ಅಕ್ಕ ಬರೋದು ಬಿಟ್ಲು. ನನಗ ಆ ಎಚ್ಚರ ಬ್ಯಾಡ." ಕಣ್ಣು ಆಗಲೇ ಮುಚ್ಚಿಕೊಳ್ಳುತ್ತಿತ್ತು. "ಯಾರಿಗೂ ಹೇಳಬ್ಯಾಡ ನನ್ನವ್ವ."

ಅಜ್ಜಿ ಮತ್ತೆ ನಿದ್ದೆಗೆ ಇಳಿದಳು. ಆ ಮುಖದ ಮೇಲಿದ್ದ ನೆಮ್ಮದಿಯನ್ನು ಕೆಡಿಸಲು ಯಾರಿಗೂ ಮನಸ್ಸು ಬಾರದು. ಸುಂಕಮ್ಮ ಅಂಗೈಯೊಳಗಿನ ಗುಳಿಗೆ ಹಾಗೇ ಹಿಡಿದು ಕೂತಳು. ಕಿಟಕಿಯ ಬಿಸಿಲು ನೆಲದ ಮೇಲೆ ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಸರಿಯಿತು. ಹೇಳದಿದ್ದರೆ ಏನಾಗುತ್ತದೆಂದು ಅವಳು ಓದಿದ್ದಳು. ನಾಡಿ ಇನ್ನೂ ಇಳಿಯುತ್ತದೆ, ಮೈ ಇನ್ನೂ ತಣ್ಣಗಾಗುತ್ತದೆ, ಒಂದು ದಿನ ಕರೆದರೂ ಏಳದಂಥ ನಿದ್ದೆ ಬರುತ್ತದೆ. ಹೇಳಿದರೆ, ತನ್ನನ್ನು ನಂಬಿ ಮೊಣಕಾಲ ಮೇಲೆ ಕೈಯಿಟ್ಟವಳಿಗೆ ಮೋಸ. ಮೂರು ವರ್ಷದಲ್ಲಿ ಇಂಥದ್ದನ್ನು ಯಾರೂ ಕಲಿಸಿರಲಿಲ್ಲ. ನೌಕರಿಯ ವಿಚಾರ ಒಮ್ಮೆ ತಲೆಗೆ ಬಂತು. ಈ ಗುಟ್ಟು ಹೇಳಿದರೆ ಡಾಕ್ಟರು ಮೆಚ್ಚಿಕೊಳ್ಳುತ್ತಾರೆ ಎನ್ನುವ ಆಸೆ. ಅದು ಬಂದದ್ದಕ್ಕೇ ಅವಳಿಗೆ ನಾಚಿಕೆಯಾಯಿತು.

ನಾಲ್ಕು ಗಂಟೆಗೆ ಅಜ್ಜಿ ಮತ್ತೆ ಕಣ್ಣು ಬಿಟ್ಟಾಗ ಸುಂಕಮ್ಮ ಅವಳನ್ನು ಎಬ್ಬಿಸಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, ನೀರು ಕುಡಿಸಿದಳು. ಆಮೇಲೆ ಹೇಳಿದಳು.

"ಅಜ್ಜಿ, ನಾನು ಡಾಕ್ಟರಿಗೆ ಹೇಳ್ತೀನಿ. ಆದ್ರ ನಿಮ್ಮ ಹಿಂದ ಹೇಳಂಗಿಲ್ಲ. ಅವರನ್ನ ಇಲ್ಲಿಗೇ ಕರಕೊಂಡು ಬಂದು ನಿಮ್ಮ ಮುಂದ ಹೇಳ್ತೀನಿ."

ಕೊಟ್ರಬಸಮ್ಮ ಅವಳನ್ನು ದಿಟ್ಟಿಸಿ ನೋಡಿದಳು. "ಹಂಗಾದ್ರ ನೀನು ನರ್ಸಮ್ಮನ," ಎಂದಳು. ಅದು ಹೊಗಳಿಕೆಯಾಗಿರಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿದಳು.

ಡಾಕ್ಟರು ಬಂದು ಮಂಚದ ತುದಿಯಲ್ಲಿ ಕೂತರು. ಸುಂಕಮ್ಮ ನಿಂತುಕೊಂಡೇ ತಾನು ಕಂಡದ್ದನ್ನೆಲ್ಲ ಕ್ರಮವಾಗಿ ಹೇಳಿದಳು. ಕೌದಿ, ಹುಬ್ಬು, ತಣ್ಣನೆಯ ಅಂಗೈ, ಐವತ್ತರ ನಾಡಿ. ನಡುವೆ ತಾನೂ ಒಂದೈದು ನಿಮಿಷ ಜೊಂಪು ಹತ್ತಿ ಮಲಗಿದೆ ಎಂಬುದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಸಂಚಿಯ ಗುಳಿಗೆಗಳ ವಿಷಯ, ಅಕ್ಕನ ವಿಷಯ.

ಶಾಂಭವಿ ಡಾಕ್ಟರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಮೊದಲ ತಿಂಗಳು ಎದ್ದು ಓಡಾಡಿದಾಕಿ ಮತ್ತ್ಯಾಕ ಇಳದ್ಲು ಅಂತ ನಾನೂ ತಲಿ ಕೆಡಿಸ್ಕೊಂಡಿದ್ದೆ. ನಾಳಿಯಿಂದ ಗುಳಿಗಿ ಇನ್ನಾ ಜೋರಿಂದು ಕೊಡೋಣ ಅಂತ ಬರೆದೂ ಇಟ್ಟಿದ್ದೆ," ಎಂದರು. ಆಮೇಲೆ ಅಜ್ಜಿಯ ಭುಜ ಮುಟ್ಟಿ, "ಕೊಟ್ರಬಸಮ್ಮಾರ, ಈ ನಿದ್ದಿ ಹಿಂಗ ಇಳಕೊಂತ ಹೋದ್ರ ಒಂದಿನ ಏಳಾಕ ಆಗಂಗಿಲ್ಲ," ಎಂದರು.

"ಏಳದಿದ್ರ ಏನಾತ್ರಿ?" ಅಜ್ಜಿ ಗೋಡೆಗೇ ಹೇಳಿದಳು. "ಅಕ್ಕನ ಹತ್ರ ಇರ್ತೀನಿ."

ಸುಂಕಮ್ಮ ಮಧ್ಯಾಹ್ನದಿಂದ ಮನಸ್ಸಿನಲ್ಲಿ ಸುಳಿಯುತ್ತಿದ್ದ ಒಂದು ಮಾತನ್ನು ಕೇಳಿದಳು.

"ಅಜ್ಜಿ, ಅಕ್ಕ ಒಂದಿನಾನಾ ತಿರುಗಿ ನೋಡ್ಯಾಳೇನು?"

"ಇಲ್ಲ."

"ಬಾ ಅಂದಾಳೇನು?"

ಅಜ್ಜಿ ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದಳು.

"ಕರೀಬೇಕಂತಿದ್ರ ಕರೀತಿದ್ಲಲ್ಲಜ್ಜಿ. ಆಕಿ ತನ್ನ ಸಾಲು ತಾನು ಬಿಡಿಸಾಕ ಹತ್ಯಾಳ."

ಫ್ಯಾನು ತಿರುಗುತ್ತಿತ್ತು. ಪಕ್ಕದ ಮಂಚದ ಬಾಣಂತಿಯೂ ಕಿವಿಗೊಟ್ಟು ಕೇಳುತ್ತಿದ್ದಳು. ಕೊಟ್ರಬಸಮ್ಮ ಈ ಕಡೆ ತಿರುಗಿ, ಯಾರ ಮುಖವನ್ನೂ ನೋಡದೆ ಕೈ ಚಾಚಿದಳು. "ತಾ, ನುಂಗ್ತೀನಿ."

"ಈಗ ಬ್ಯಾಡ್ರಿ," ಎಂದರು ಡಾಕ್ಟರು. "ನಾಳಿ ಮುಂಜಾನೆ, ಬರೀ ಹೊಟ್ಟಿಲೆ."

"ಕೊಡೋದು ನೀವ, ಬ್ಯಾಡ ಅನ್ನೋರೂ ನೀವ," ಎಂದು ಗೊಣಗಿ ಅಜ್ಜಿ ಕೌದಿ ಎಳೆದುಕೊಂಡಳು.

ಹೊರಗೆ ಜಗಲಿಯಲ್ಲಿ ಡಾಕ್ಟರು ಫೈಲನ್ನು ಮರಳಿ ಕೊಟ್ಟರು. ಅದನ್ನು ಅವರು ತೆರೆದು ನೋಡಿದ್ದರೋ ಇಲ್ಲವೋ ಸುಂಕಮ್ಮನಿಗೆ ತಿಳಿಯಲಿಲ್ಲ. "ಶನಿವಾರ ಬಾ. ಅರ್ಚನಾ ಹೊರಡೂದ್ರಾಗ ಒಂದಿನ ಆಕಿ ಕೂಡ ಇದ್ದು ಎಲ್ಲಾ ತಿಳ್ಕೊ. ಇರಾಕ ಹಿಂದ ಒಂದು ಕೋಣಿ ಐತಿ." ವಾರ್ಡಿನ ಕಡೆ ನೋಡಿ ಮತ್ತೆ ಹೇಳಿದರು. "ಅಜ್ಜಿ ಒಂದಷ್ಟು ದಿನ ನಿನ್ನ ಕೂಡ ಮಾತಾಡಂಗಿಲ್ಲ. ಅದನ್ನ ತಡ್ಕೊಬೇಕು."

"ಹೂನ್ರಿ," ಎಂದಳು ಸುಂಕಮ್ಮ.

ಹರಪನಹಳ್ಳಿಯ ಬಸ್ಸಿನಲ್ಲಿ ಅಂದು ಅವಳಿಗೆ ನಿದ್ದೆ ಬರಲಿಲ್ಲ. ಹೊಲಗಳ ಮೇಲೆ ಸಂಜೆ ಇಳಿಯುತ್ತಿತ್ತು. ನೆಲ, ಗಿಡ, ದೂರದ ಗುಡ್ಡ ಎಲ್ಲ ಒಂದೇ ಬಣ್ಣಕ್ಕೆ ತಿರುಗಿ, ಬಸ್ಸೊಂದೇ ಯಾವುದೋ ಕೆಂಪು ನೀರಿನ ಮೇಲೆ ತೇಲುತ್ತ ಹೋದಂತಿತ್ತು. ಅಪ್ಪನಿಗೆ ಫೋನು ಮಾಡಿದಳು. ಕೆಲಸ ಸಿಕ್ಕಿತು ಎಂದಳು. ಉಚ್ಚಂಗೆಪ್ಪ, "ಊಟ ಮಾಡೀಯೇನು?" ಎಂದು ಕೇಳಿದ. ಬೆಳಿಗ್ಗೆಯಿಂದ ಏನೂ ತಿಂದಿಲ್ಲವೆಂಬುದು ಅವಳಿಗೆ ಆಗ ನೆನಪಾಯಿತು.

ಡಾಕ್ಟರು ಹೇಳಿದಂತೆಯೇ ಆಯಿತು. ಕೊಟ್ರಬಸಮ್ಮ ಇನ್ನೂ ಒಂದು ವಾರ ಆಸ್ಪತ್ರೆಯಲ್ಲಿದ್ದಳು. ದಿನಾ ಬೆಳಿಗ್ಗೆ ಸುಂಕಮ್ಮ ಗುಳಿಗೆ ಕೊಟ್ಟರೆ ನುಂಗುತ್ತಿದ್ದಳು, ಬಾಯಿ ತೆರೆದು ನಾಲಿಗೆ ಎತ್ತಿ ತೋರಿಸುತ್ತಿದ್ದಳು, ಒಂದು ಮಾತೂ ಆಡುತ್ತಿರಲಿಲ್ಲ. ಮಗ ಬಂದು ಮನೆಗೆ ಕರೆದೊಯ್ದ ದಿನವೂ ಬಾಗಿಲಲ್ಲಿ ನಿಂತಿದ್ದ ಸುಂಕಮ್ಮನನ್ನು ದಾಟಿಕೊಂಡು ಹೋದಳು. ಅಂದು ಹಿಂದಿನ ಕೋಣೆಯಲ್ಲಿ ಸುಂಕಮ್ಮ ಸ್ವಲ್ಪ ಅತ್ತಳು. ಆದರೆ ಅಷ್ಟರಲ್ಲಿ ಕೆಲಸ ಅವಳನ್ನು ಸುತ್ತಿಕೊಂಡಿತ್ತು. ಜ್ವರದ ಮಕ್ಕಳು, ಚೇಳು ಕಚ್ಚಿದವರು, ಕಾಲು ಉಳುಕಿಸಿಕೊಂಡವರು. ಮೂರನೆಯ ವಾರಕ್ಕೆ ಅವಳು ಮಕ್ಕಳಿಗೂ ಒಂದೇ ಸಲಕ್ಕೆ ಸೂಜಿ ಚುಚ್ಚತೊಡಗಿದಳು.

ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ಕೊಟ್ರಬಸಮ್ಮ ರಕ್ತ ಪರೀಕ್ಷೆಗೆ ಬಂದಳು. ಕೌದಿ ಇರಲಿಲ್ಲ. ಮುಖದ ಬಾವು ಇಳಿದು ಮೂಗು, ಗಲ್ಲ ಎಲ್ಲ ಹೊಸದಾಗಿ ಕೆತ್ತಿದಂತೆ ಕಾಣುತ್ತಿದ್ದವು. ಸುಂಕಮ್ಮ ತೋಳಿಗೆ ಪಟ್ಟಿ ಕಟ್ಟುವಾಗ ಅಜ್ಜಿಯೇ ಮಾತು ತೆಗೆದಳು. ದನಿಯಲ್ಲಿ ಗೊಗ್ಗರು ಉಳಿದಿರಲಿಲ್ಲ.

"ಅಕ್ಕ ಬರಂಗಿಲ್ಲ ಈಗ."

"ಗೊತ್ತಜ್ಜಿ."

"ಒಮ್ಮೊಮ್ಮಿ ನಿನ್ನ ಮ್ಯಾಲೆ ಭಾಳ ಸಿಟ್ಟು ಬರ್ತತಿ."

"ಬರ್ಲಿ ಅಜ್ಜಿ."

"ಮನ್ನೆ ಮುಂಜಾನೆ ಹೊಲಕ್ಕ ಹೋಗಿದ್ದೆ. ಎರಡು ವರ್ಷದ ಮ್ಯಾಲೆ. ಗಿಡಾ ಎಲ್ಲಾ ದಾರಿ ತಪ್ಪಿ ಬೆಳದಾವು. ಸೊಸಿಗೆ ಸವರಾಕ ಬರಂಗಿಲ್ಲ. ನಾನ ನಿಂತು ಹೇಳಿಕೊಟ್ಟೆ." ರಕ್ತ ತೆಗೆದಾದ ಮೇಲೆ ಹತ್ತಿ ಒತ್ತಿಹಿಡಿದು ಅವಳು ಎದ್ದಳು. ಹೋಗುವ ಬದಲು ವಾರ್ಡಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದಳು. ಹೊಳಲಿನಿಂದ ಬಂದಿದ್ದ ಒಬ್ಬ ಹೊಸ ಬಸುರಿ ಒಬ್ಬಳೇ ಮಂಚದ ಮೇಲೆ ಕೂತು ಭಯದಿಂದ ಸೆರಗು ಹಿಂಡುತ್ತಿದ್ದಳು. "ಆಕಿ ಕೂಡ ಯಾರೂ ಇಲ್ಲೇನು?"

"ಗಂಡ ಔಷಧಿ ತರಾಕ ಹೋಗ್ಯಾನ. ನನಗ ಬ್ಯಾರೇ ಕೆಲಸ ಐತಿ, ಮುಗಿಸಿ ಹೋಗ್ತೀನಿ."

"ನೀನು ನಿನ್ನ ಕೆಲಸ ಮಾಡು," ಎಂದು ಕೊಟ್ರಬಸಮ್ಮ ಒಳಗೆ ಹೋಗಿ ಸ್ಟೂಲು ಎಳೆದುಕೊಂಡಳು.

ಸುಂಕಮ್ಮ ಇಂಜೆಕ್ಷನ್ನಿನ ತಟ್ಟೆ ಹಿಡಿದು ಮಂಚದಿಂದ ಮಂಚಕ್ಕೆ ನಡೆದಳು. ಕಿಟಕಿಯ ಹೊರಗೆ ಮೋಡ ಕವಿದು ಬೆಳಕು ಮೆತ್ತಗಾಗಿತ್ತು. ಹಿಂದಿನಿಂದ ಇಬ್ಬರ ಮೆಲುಮಾತು ಕೇಳಿಬರುತ್ತಿತ್ತು. ಬಸುರಿ ಏನೋ ಕೇಳಿದಳು, ಅಜ್ಜಿ ಏನೋ ಹೇಳಿದಳು, ಇಬ್ಬರೂ ನಕ್ಕರು. ಏನೆಂದು ಸುಂಕಮ್ಮನಿಗೆ ಕೇಳಿಸಲಿಲ್ಲ. ಮುಂದಿನ ಮಂಚದವನು ತೋಳು ಚಾಚಿ ಕಾಯುತ್ತಿದ್ದ.